ಗಂಟಲಲ್ಲಿ ಕಾಗದದಷ್ಟು ಮಸಿ

ಹಾಸನದ ಎನ್.ಆರ್. ಸರ್ಕಲ್ಲಿನಲ್ಲಿ ಕೆಂಪು ದೀಪಕ್ಕೆ ಎಲ್ಲರ ಗಾಡಿಗಳೂ ನಿಂತಿದ್ದವು. ನನ್ನದು ಎಂಜಿನ್ ಸಮೇತ ನಿಂತುಬಿಟ್ಟಿತು. ಕೀಲಿ ತಿರುಗಿಸಿದೆ, ಸ್ಟಾರ್ಟ್ ಆಯಿತು. ಆಕ್ಸಿಲರೇಟರಿನಿಂದ ಕಾಲು ತೆಗೆದದ್ದೇ ತಡ, ಆರ್‌ಪಿಎಂ ಮುಳ್ಳು 800ರಿಂದ 500ಕ್ಕೆ ಜಾರಿತು, ಚಳಿ ಹಿಡಿದವನಂತೆ ಗಾಡಿ ಒಮ್ಮೆ ನಡುಗಿತು, ಮತ್ತೆ ಆಫ್. ಅಷ್ಟರಲ್ಲಿ ಹಸಿರು ದೀಪ ಬಂದಿತ್ತು. ಹಿಂದಿದ್ದ ಕೆಂಪು ಬಸ್ಸಿನ ಡ್ರೈವರು ಹಾರ್ನಿನ ಮೇಲಿಟ್ಟ ಕೈ ತೆಗೆಯಲೇ ಇಲ್ಲ. ಪಾದದ ಒಂದು ಅಂಚನ್ನು ಬ್ರೇಕಿನ ಮೇಲೂ ಇನ್ನೊಂದು ಅಂಚನ್ನು ಆಕ್ಸಿಲರೇಟರಿನ ಮೇಲೂ ಇಟ್ಟು, ರೇಸ್ ಕೊಡುತ್ತಲೇ, ಹೇಗೋ ಮನೆ ಸೇರಿದೆ. ಆಮೇಲಿನ ಒಂದು ವಾರ ಅದೇ ಸರ್ಕಸ್ಸು. ಎ.ಸಿ. ಹಾಕಿದರಂತೂ ಕತೆಯೇ ಮುಗಿಯಿತು.

13 ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಅದು. ದೊಡ್ಡ ಸರ್ವಿಸ್ ಸೆಂಟರೊಂದಕ್ಕೆ ಒಯ್ದೆ. ಇಸ್ತ್ರಿ ಅಂಗಿಯ ಹುಡುಗ ಲ್ಯಾಪ್‌ಟಾಪ್ ಸಿಕ್ಕಿಸಿ ಹತ್ತು ನಿಮಿಷ ನೋಡಿ, "ಥ್ರಾಟಲ್ ಬಾಡಿ ಹೋಗಿದೆ ಸಾರ್, ಹೊಸದೇ ಹಾಕಬೇಕು" ಎಂದ. ಎಸ್ಟಿಮೇಟ್ 23 ಸಾವಿರ. ಹೋಗಿದೆ ಅಂತ ಹೇಗೆ ಗೊತ್ತಾಯಿತಪ್ಪಾ ಎಂದರೆ, ಸ್ಕ್ಯಾನರ್ ಹೇಳುತ್ತಿದೆ ಅಂದ. ಪರದೆಯನ್ನು ಇಣುಕಿದೆ. ಅಲ್ಲಿದ್ದದ್ದು ಪಿ0506 ಎಂಬ ಕೋಡ್. ಅದರ ಅರ್ಥ ಇಷ್ಟೇ: ಪೆಡಲ್ ಮುಟ್ಟದಿದ್ದಾಗಿನ ಎಂಜಿನ್ ವೇಗ, ಅಂದರೆ ಐಡಲ್ ವೇಗ, ಇರಬೇಕಾದದ್ದಕ್ಕಿಂತ ಕಡಿಮೆ ಇದೆ. ಅದು ಎನ್.ಆರ್. ಸರ್ಕಲ್ಲಿನ ಬಸ್ ಡ್ರೈವರಿಗೂ ಗೊತ್ತಿತ್ತು. ಕೋಡ್ ಅನ್ನುವುದು ಎಫ್‌ಐಆರ್ ಇದ್ದ ಹಾಗೆ. ಅದರಲ್ಲಿ ದೂರು ಇರುತ್ತದೆ, ತೀರ್ಪು ಇರುವುದಿಲ್ಲ. ಯೋಚಿಸಿ ಹೇಳುತ್ತೇನೆ ಎಂದು ಗಾಡಿಯನ್ನು ರೇಸ್ ಕೊಟ್ಟುಕೊಂಡೇ ವಾಪಸ್ ತಂದೆ.

ಈ ಥ್ರಾಟಲ್ ಬಾಡಿ ಎಂಬ ವಸ್ತುವನ್ನು ಕಾರಿಟ್ಟುಕೊಂಡ ಹತ್ತರಲ್ಲಿ ಒಂಬತ್ತು ಮಂದಿ ಕಣ್ಣಾರೆ ಕಂಡಿರುವುದಿಲ್ಲ. ಏರ್ ಫಿಲ್ಟರ್ ಡಬ್ಬಿಯಿಂದ ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ, ದಪ್ಪ ರಬ್ಬರ್ ಪೈಪು ಮುಗಿಯುವಲ್ಲಿ ಕೂತಿರುವ ಅಲ್ಯೂಮಿನಿಯಂ ಕೊಳವೆಯ ತುಂಡು ಅದು. ಕೊಳವೆಯೊಳಗೆ ಅಡ್ಡ ಸರಳು, ಸರಳಿಗೆ ಒಂದು ದುಂಡನೆಯ ಬಿಲ್ಲೆ. ಬಿಲ್ಲೆ ಅಡ್ಡ ನಿಂತರೆ ದಾರಿ ಬಂದ್, ಉದ್ದಕ್ಕೆ ತಿರುಗಿದರೆ ದಾರಿ ಪೂರ್ತಿ ತೆರವು. ಥ್ರಾಟಲ್ ಎಂಬ ಇಂಗ್ಲಿಷ್ ಮಾತಿಗೆ ಗಂಟಲು ಹಿಸುಕು ಎಂಬ ಅರ್ಥವೇ ಇದೆ. ಉಗಿಯಂತ್ರದ ವೇಗ ಹದ್ದುಮೀರದಂತೆ ಜೇಮ್ಸ್ ವ್ಯಾಟ್ 1788ರಲ್ಲಿ ತಿರುಗುವ ಗುಂಡುಗಳ ಗವರ್ನರ್ ಅಳವಡಿಸಿದನಲ್ಲ, ಆ ಗುಂಡುಗಳು ಎಳೆದು ಬಿಡುತ್ತಿದ್ದದ್ದೂ ಒಂದು ಥ್ರಾಟಲ್ ಕವಾಟವನ್ನೇ. ಅಲ್ಲಿ ಹಿಸುಕುತ್ತಿದ್ದದ್ದು ಉಗಿಯನ್ನು, ಇಲ್ಲಿ ಗಾಳಿಯನ್ನು.

ಗಾಳಿಯನ್ನೇ, ಪೆಟ್ರೋಲನ್ನಲ್ಲ. ಪೆಡಲ್ ಒತ್ತಿದರೆ ಪೆಟ್ರೋಲ್ ಜಾಸ್ತಿ ಸುರಿಯುತ್ತದೆ ಎಂದೇ ನಾವೆಲ್ಲ ಅಂದುಕೊಂಡಿರುತ್ತೇವೆ. ಪೆಟ್ರೋಲ್ ಎಂಜಿನ್ನಿನಲ್ಲಿ ನಮ್ಮ ಕಾಲಿಗೆ ಸಂಬಂಧವಿರುವುದು ಗಾಳಿಯೊಂದಿಗೆ. ಸೌದೆ ಒಲೆಯ ಮುಂದೆ ಕೂತ ಅಜ್ಜಿ ಉರಿ ಹೆಚ್ಚಿಸಲು ಊದುಗೊಳವೆ ಹಿಡಿಯುತ್ತಿದ್ದಳು, ಕುಲುಮೆಯವನು ತಿದಿ ಒತ್ತುತ್ತಿದ್ದ. ಇದೂ ಅದೇ ಲೆಕ್ಕ. ಎಷ್ಟು ಗಾಳಿ ಒಳಗೆ ಬಂತು ಎಂದು ಸೆನ್ಸರ್ ಅಳೆಯುತ್ತದೆ. ಕಾರಿನ ಕಂಪ್ಯೂಟರ್ ಆ ಗಾಳಿಗೆ ತಕ್ಕಷ್ಟು ಪೆಟ್ರೋಲನ್ನು ಇಂಜೆಕ್ಟರಿನಿಂದ ಚಿಮ್ಮಿಸುತ್ತದೆ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ. ಲೀಟರ್ ಲೆಕ್ಕದಲ್ಲಿ ಹೇಳಿದರೆ ತಲೆ ತಿರುಗುತ್ತದೆ: ಒಂದು ಲೀಟರ್ ಪೆಟ್ರೋಲ್ ಉರಿಸಲು ಹತ್ತಿರ ಹತ್ತಿರ 9,000 ಲೀಟರ್ ಗಾಳಿ ಬೇಕು. ಬಂಕಿನಲ್ಲಿ ನಾವು ದುಡ್ಡು ಕೊಡುವುದು ಊಟದ ಉಪ್ಪಿಗೆ ಮಾತ್ರ, ಅನ್ನ ಪುಕ್ಕಟೆ.

ಮಾರುತಿ 800ರ ಹಳೆಯ ಕಾಲದಲ್ಲಿ, ಚಳಿಯ ಬೆಳಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡುತ್ತಿದ್ದ ದಿನಗಳಲ್ಲಿ, ಗಾಳಿ ಮತ್ತು ಪೆಟ್ರೋಲಿನ ಈ ಮದುವೆ ಕಾರ್ಬುರೇಟರಿನಲ್ಲಿ ನಡೆಯುತ್ತಿತ್ತು. ಪೆಡಲಿನಿಂದ ಬಿಲ್ಲೆಗೆ ಒಂದು ಕೇಬಲ್ ಇರುತ್ತಿತ್ತು. ಕಾಲು ಎಷ್ಟು ಒತ್ತಿತೋ ಬಿಲ್ಲೆ ಅಷ್ಟು ತಿರುಗುತ್ತಿತ್ತು. ಮಧ್ಯೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಮೆಕ್ಯಾನಿಕ್ ಕಿವಿಗೊಟ್ಟು ಕೇಳುತ್ತ ಸ್ಕ್ರೂ ಡ್ರೈವರಿನಲ್ಲಿ ಕಾಲು ಸುತ್ತು ತಿರುಗಿಸಿದರೆ ಸ್ಲೋ, ಅಂದರೆ ಐಡಲ್, ಕೂರುತ್ತಿತ್ತು. ಇಂಜೆಕ್ಷನ್ ಬಂದ ಮೇಲೂ ಕೆಲಕಾಲ ಕೇಬಲ್ ಉಳಿಯಿತು, ಐಡಲ್ ನೋಡಿಕೊಳ್ಳಲು ಪಕ್ಕದಲ್ಲೊಂದು ಪುಟ್ಟ ಕವಾಟ ಸೇರಿತು. ಆಮೇಲೆ ಕೇಬಲ್ಲೂ ಹೋಯಿತು. ಬಿಎಂಡಬ್ಲ್ಯು ತನ್ನ 7 ಸರಣಿಯ ಕಾರುಗಳಲ್ಲಿ 1980ರ ದಶಕದ ಕೊನೆಯಲ್ಲೇ ಮಾಡಿದ್ದ ಏರ್ಪಾಡು ಈಗ ನಮ್ಮ ನಾಲ್ಕೈದು ಲಕ್ಷದ ಕಾರುಗಳಲ್ಲೂ ಇದೆ. ಪೆಡಲಿಗೆ ತಾಗಿದಂತೆ ಸೆನ್ಸರ್, ಬಿಲ್ಲೆಗೆ ತಾಗಿದಂತೆ ಮೋಟಾರು, ನಡುವೆ ಕಂಪ್ಯೂಟರು. ಈಗ ಪೆಡಲ್ ಒತ್ತುವುದೆಂದರೆ ಅರ್ಜಿ ಹಾಕಿಕೊಂಡ ಹಾಗೆ. ಎಂಜಿನ್ ಬಿಸಿಯಾಗಿದೆಯೋ, ಎ.ಸಿ. ಓಡುತ್ತಿದೆಯೋ, ಚಕ್ರ ಜಾರುತ್ತಿದೆಯೋ ಎಂದೆಲ್ಲ ಕಡತ ನೋಡಿ ಸಾಹೇಬರು ಬಿಲ್ಲೆಯನ್ನು ಎಷ್ಟು ತಿರುಗಿಸಬೇಕೆಂದು ತೀರ್ಮಾನಿಸುತ್ತಾರೆ. ಅದೃಷ್ಟಕ್ಕೆ, ಸೆಕೆಂಡಿನ ಸಣ್ಣ ಪಾಲಿನೊಳಗೆ. ತೊಂದರೆ ಬಂದಾಗ ಹುಡುಕಬೇಕಾದದ್ದು ಒಂದೇ: ಅರ್ಜಿ ಎಲ್ಲಿ ಕೊಳೆಯುತ್ತಿದೆ?

ನನ್ನ ಗಾಡಿಯನ್ನು ಕೊನೆಗೆ ನೋಡಿದವರು ಬಿ.ಎಂ. ರಸ್ತೆಯಿಂದ ಒಳಗೆ ಹೋದರೆ ಸಿಗುವ ಸಣ್ಣ ಶೆಡ್ಡಿನ ಮೆಕ್ಯಾನಿಕ್. ಐವತ್ತು ದಾಟಿದ ಮನುಷ್ಯ. ನಾನು ಮಾತು ಶುರು ಮಾಡುವ ಮುಂಚೆಯೇ, "ಸ್ಲೋ ಕೂರ್ತಿಲ್ಲ ಅಲ್ವಾ ಮೇಷ್ಟ್ರೇ?" ಅಂದರು. ಬಾನೆಟ್ ಎತ್ತಿದವರು ಸ್ಪ್ಯಾನರಿಗೆ ಕೈ ಹಾಕಲಿಲ್ಲ, ಸ್ಕ್ಯಾನರಿಗೂ ಹಾಕಲಿಲ್ಲ. ಏರ್ ಫಿಲ್ಟರ್ ತೆಗೆದು ಬಿಸಿಲಿಗೆ ಹಿಡಿದು ನೋಡಿದರು. ಬ್ಯಾಟರಿಗೆ ಮೀಟರ್ ಇಟ್ಟರು. ಎಂಜಿನ್ ಓಡುವಾಗ 14 ವೋಲ್ಟ್ ಆಸುಪಾಸು ಇತ್ತು, ಸರಿ. ನನ್ನನ್ನು ಒಳಗೆ ಕೂರಿಸಿ ಹಗುರಾಗಿ ರೇಸ್ ಹಿಡಿಯಲು ಹೇಳಿ, ತಾವು ತಲೆ ಬಗ್ಗಿಸಿ ಕಿವಿ ಕೊಟ್ಟು ನಿಂತರು. ಕೇಳುತ್ತಿದ್ದದ್ದು ಹಾವಿನ ಬುಸ್ ಸದ್ದು. ಥ್ರಾಟಲ್ ದಾಟಿದ ಮೇಲೆ ಎಂಜಿನ್‌ವರೆಗಿನ ದಾರಿಯಲ್ಲಿ ಎಲ್ಲಾದರೂ ರಬ್ಬರ್ ಹೋಸು ಸೀಳಿದ್ದರೆ, ಪ್ಯಾಕಿಂಗ್ ಕೂತಿರದಿದ್ದರೆ, ಅಲ್ಲಿಂದ ಕಳ್ಳಗಾಳಿ ಒಳಹೊಕ್ಕು ಇದೇ ರೋಗಲಕ್ಷಣ ತೋರಿಸುತ್ತದೆ. ಬ್ರೇಕ್ ಬೂಸ್ಟರಿಗೆ ಹೋಗುವ ಹೋಸನ್ನು ಇಕ್ಕಳದಿಂದ ಒಂದು ಗಳಿಗೆ ಒತ್ತಿಹಿಡಿದರು. ಆರ್‌ಪಿಎಂನಲ್ಲಿ ವ್ಯತ್ಯಾಸವಿಲ್ಲ.

ಸ್ಕ್ಯಾನರ್ ಬಂದದ್ದು ಆಮೇಲೆ. ಸ್ಟೀರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ. ಅಮೆರಿಕ 1996ರಿಂದ ಕಡ್ಡಾಯ ಮಾಡಿದ ಈ ಕಿಟಕಿ ಈಗ ನಮ್ಮ ಹೊಸ ಕಾರುಗಳಲ್ಲೆಲ್ಲ ಇದೆ. ಮೊಬೈಲಿಗೆ ಬ್ಲೂಟೂತ್‌ನಲ್ಲಿ ಕೂಡಿಕೊಳ್ಳುವ ಬೆಂಕಿಪೊಟ್ಟಣದಷ್ಟು ಗಾತ್ರದ ರೀಡರುಗಳು ಸಾವಿರ ರೂಪಾಯಿಯ ಒಳಗೇ ಸಿಗುತ್ತವೆ. ಅದರಲ್ಲಿ ಕೋಡ್ ಓದುವುದು ಎಲ್ಲರೂ ಮಾಡುವ ಕೆಲಸ. ಬದುಕಿರುವ ಅಂಕಿಗಳನ್ನು ಓದುವುದು ಕೆಲವರು ಮಾತ್ರ. ಇವರು ಎಂಜಿನ್ ಆಫ್ ಇಟ್ಟು ಇಗ್ನಿಷನ್ ಮಾತ್ರ ಹಾಕಿ, ಥ್ರಾಟಲ್ ದಾಟಿದ ಮೇಲಿನ ಗಾಳಿದಾರಿಯ, ಅಂದರೆ ಮ್ಯಾನಿಫೋಲ್ಡಿನ, ಒತ್ತಡದ ಅಂಕಿ ನೋಡಿದರು. 90 ಕಿಲೋಪಾಸ್ಕಲ್. "ಸೆನ್ಸರ್ ಸರಿಯಿದೆ" ಅಂದರು. ಮಂಗಳೂರಿನಲ್ಲಾಗಿದ್ದರೆ ಅದು 101 ತೋರಿಸಬೇಕಿತ್ತು. ಹಾಸನ, ಬೆಂಗಳೂರುಗಳು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರ, ಇಲ್ಲಿನ ಗಾಳಿಯೇ ಅಷ್ಟು ತೆಳು. ಮೂರು ದಶಕ ಭೌತಶಾಸ್ತ್ರ ಪಾಠ ಮಾಡಿದ ನನಗೆ ಟೊರಿಸೆಲ್ಲಿಯ ಪಾದರಸದ ನಳಿಗೆಯನ್ನು ಗ್ರೀಸ್ ಮೆತ್ತಿದ ಕೈಯೊಂದು ಹೀಗೆ ನೆನಪಿಸುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಸ್ಟಾರ್ಟ್ ಮಾಡಿದ ಮೇಲೆ ನೋಡಿದ್ದು ಫ್ಯೂಯೆಲ್ ಟ್ರಿಮ್. ಗಾಳಿಗೆ ತಕ್ಕ ಪೆಟ್ರೋಲಿನ ತನ್ನ ಅಂದಾಜನ್ನು ಕಂಪ್ಯೂಟರ್ ಎಷ್ಟು ತಿದ್ದಿಕೊಳ್ಳುತ್ತಿದೆ ಎನ್ನುವ ಶೇಕಡಾ ಲೆಕ್ಕ ಅದು. ಸೊನ್ನೆಯ ಆಚೀಚೆ ಹತ್ತರೊಳಗಿದ್ದರೆ ಚಿಂತೆಯಿಲ್ಲ. ಐಡಲ್‌ನಲ್ಲಿ 20ಕ್ಕೆ ಏರಿ, 2,500 ಆರ್‌ಪಿಎಂಗೆ ರೇಸ್ ಮಾಡಿದಾಗ ಇಳಿದುಬಿಟ್ಟರೆ ಕಳ್ಳಗಾಳಿಯ ಮೇಲೆ ಅನುಮಾನ. ಕಾರಣ ಸರಳ: ದೊಡ್ಡ ಬಾಗಿಲು ತೆರೆದಾಗ ಕಿಂಡಿಯಿಂದ ಬರುವ ಗಾಳಿಗೆ ಬೆಲೆಯಿಲ್ಲ. ನನ್ನ ಗಾಡಿಯದು ನಾಲ್ಕು. ಕಳ್ಳಗಾಳಿಯೂ ಅಲ್ಲ ಎಂದಾಯಿತು. ಉಳಿದದ್ದು ಬಿಲ್ಲೆ. ಐಡಲ್‌ನಲ್ಲಿ ಅದು ಎಷ್ಟು ತೆರೆದಿದೆ ಎಂದು ನೋಡಿದರೆ, ಅದೇ ಮಾಡೆಲ್ಲಿನ ಇನ್ನೊಂದು ಗಾಡಿ ಅಲ್ಲೇ ನಿಂತಿತ್ತು, ಅದರದ್ದಕ್ಕಿಂತ ಸಾಕಷ್ಟು ಹೆಚ್ಚು. ಹೆಚ್ಚು ತೆರೆದೂ ಉಸಿರು ಸಾಲುತ್ತಿಲ್ಲ. ಆಗ ಸ್ಪ್ಯಾನರ್ ಕೈಗೆ ಬಂತು.

ರಬ್ಬರ್ ಪೈಪ್ ಬಿಚ್ಚಿ ಟಾರ್ಚ್ ಹಾಕಿದಾಗ ಕಂಡದ್ದು ದೇವರ ಮನೆಯ ದೀಪದ ಗೂಡು. ಕೊಳವೆಗೆ ಬಿಲ್ಲೆ ತಾಗುವ ಅಂಚಿನ ಸುತ್ತ ಕಪ್ಪು ಜಿಡ್ಡಿನ ಉಂಗುರ. ಇಷ್ಟೇನಾ ಅನ್ನಿಸಿತು ನನಗೆ, ಹೆಂಚಿನ ತಳದಲ್ಲಿ ಇದರ ಹತ್ತರಷ್ಟು ಇರುತ್ತದಲ್ಲ. ಮನೆಗೆ ಬಂದು ಲೆಕ್ಕ ಹಾಕಿದ ಮೇಲೆ ಅದರ ಗಂಭೀರತೆ ಗೊತ್ತಾಯಿತು. 1.2 ಲೀಟರಿನ ಎಂಜಿನ್ 800 ಆರ್‌ಪಿಎಂನಲ್ಲಿ ನಿಮಿಷಕ್ಕೆ ಸುಮಾರು 150 ಲೀಟರ್ ಗಾಳಿ ಎಳೆದುಕೊಳ್ಳುತ್ತದೆ. ಪೂರ್ತಿ ವೇಗದಲ್ಲಿ 3,000 ಲೀಟರಿಗೂ ಮೇಲೆ. ಅಂದರೆ ಈ ಬಾಗಿಲು ಒಮ್ಮೆ ಜಾತ್ರೆಯನ್ನು ಒಳಬಿಡಬೇಕು, ಒಮ್ಮೆ ಒಬ್ಬೊಬ್ಬರನ್ನೇ ಎಣಿಸಿ ಬಿಡಬೇಕು. ಐಡಲ್‌ಗೆ ಬೇಕಾದ ಗಾಳಿಗೆ ಕಡಲೆಕಾಳಿಗಿಂತ ಸಣ್ಣ ತೂತು ಸಾಕು. ಆ ಜಾಗ 150 ಮಿಲಿಮೀಟರ್ ಸುತ್ತಳತೆಯ ಬಿಲ್ಲೆಯ ಅಂಚಿನುದ್ದಕ್ಕೂ ಹರಡಿಕೊಂಡಿರುವುದರಿಂದ, ಸಂದಿನ ಅಗಲ ಮಿಲಿಮೀಟರಿನ ಹತ್ತನೇ ಒಂದು ಪಾಲಿನ ಲೆಕ್ಕಕ್ಕೆ ಬರುತ್ತದೆ. ನೋಟ್‌ಬುಕ್ಕಿನ ಒಂದು ಹಾಳೆಯಷ್ಟು. ಅಲ್ಲಿ ಹಾಳೆಯಷ್ಟೇ ದಪ್ಪದ ಮಸಿ ಕೂತರೆ ಗಾಡಿ ಉಸಿರಾಡುವುದಾದರೂ ಎಲ್ಲಿಂದ?

ಏರ್ ಫಿಲ್ಟರ್ ಇದ್ದೂ ಮಸಿ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಎಂಜಿನ್ನಿನ ಹೊಟ್ಟೆಯಲ್ಲಿದೆ. ಪಿಸ್ಟನ್ ರಿಂಗುಗಳನ್ನು ದಾಟಿ ಸ್ವಲ್ಪ ಹೊಗೆ ಕೆಳಗಿನ ಎಣ್ಣೆಯ ತೊಟ್ಟಿಗೆ ನುಸುಳುತ್ತಲೇ ಇರುತ್ತದೆ. ಅದನ್ನು ಹೊರಗೆ ಬಿಟ್ಟರೆ ಮಾಲಿನ್ಯ, ಹಾಗಾಗಿ ಒಂದು ಹೋಸಿನಲ್ಲಿ ಮತ್ತೆ ಗಾಳಿಯ ದಾರಿಗೇ ತಂದು ಸುಡುವ ಏರ್ಪಾಡು ಇದೆ. ಹೊಗೆಯ ಜತೆ ಎಣ್ಣೆಯ ಹಬೆಯೂ ಬರುತ್ತದೆ. ಎಂಜಿನ್ ಆಫ್ ಮಾಡಿದ ಮೇಲೆ ಬಿಸಿಗೆ ಈ ಹಬೆ ತೇಲಿ ಬಂದು ಬಿಲ್ಲೆಯ ಹಿಂಬದಿಯಲ್ಲಿ ಅಂಟುತ್ತದೆ, ಧೂಳು ಅದಕ್ಕೆ ಕೂಡುತ್ತದೆ. ಮನೆಯಿಂದ ಶಾಲೆಗೆ ಎರಡು ಕಿಲೋಮೀಟರ್, ಶಾಲೆಯಿಂದ ತರಕಾರಿ ಅಂಗಡಿಗೆ ಒಂದು. ಹೀಗೆ ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಆಫ್ ಮಾಡುವವರ ಗಾಡಿಗಳಲ್ಲಿ ಇದು ಬೇಗ. ನಾನು ಆ ಜಾತಿ.

ತೊಳೆಯುವ ಕೆಲಸವನ್ನು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ನೋಡಿದೆ. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿದರು. ನಾನು ಕುತೂಹಲಕ್ಕೆ ಬಿಲ್ಲೆಯ ಸಂದಿಗೆ ಬೆರಳು ತೂರಿಸಹೋದಾಗ ಕೈ ಹಿಡಿದು ನಿಲ್ಲಿಸಿದ್ದೂ ಆಗಲೇ. ಇಗ್ನಿಷನ್ ಆನ್ ಇದ್ದಾಗ ಮೋಟಾರು ಬಿಲ್ಲೆಯನ್ನು ಫಟ್ಟನೆ ಮುಚ್ಚಬಲ್ಲದು, ಬೆರಳಿಗೆ ಗಾಯ ಖಂಡಿತ. ಆಫ್ ಇದ್ದಾಗಲೂ ಬೆರಳಿನಿಂದ ಜೋರಾಗಿ ನೂಕಬಾರದು, ಒಳಗಿನ ಪ್ಲಾಸ್ಟಿಕ್ ಹಲ್ಲುಚಕ್ರಗಳು ಮುರಿದಾವು. ಕಪ್ಲರಿನ ಲಾಕ್ ಎಳೆದು ಬಿಡಿಸಿ, 10 ನಂಬರ್ ಬೋಲ್ಟುಗಳನ್ನು ಕಳಚಿ, ಇಡೀ ಬಾಡಿಯನ್ನೇ ಹೊರತೆಗೆದರು. ಕೆಲವು ಗಾಡಿಗಳಲ್ಲಿ ಕೂಲಂಟ್ ಹೋಸುಗಳೂ ಇದಕ್ಕೆ ಕೂಡಿಕೊಂಡಿರುತ್ತವೆ. ಚಳಿಪ್ರದೇಶದಲ್ಲಿ ಬಿಲ್ಲೆಯ ಮೇಲೆ ಹಿಮ ಕಟ್ಟದಿರಲಿ ಎಂದು ಬಿಸಿನೀರು ಸುತ್ತಿಸುವ ಉಪಾಯ. ಎಂಜಿನ್ ತಣ್ಣಗಾಗದೆ ಅವಕ್ಕೆ ಕೈ ಹಾಕಿದರೆ ಮುಖ ಬೇಯುತ್ತದೆ.

ಸ್ಪ್ರೇಯನ್ನು ಅವರು ಹೊಡೆದದ್ದು ಬಟ್ಟೆಗೆ, ಬಿಲ್ಲೆಗಲ್ಲ. ದ್ರಾವಕ ಸರಳಿನ ಬೇರಿಂಗಿನ ಮೂಲಕ ಮೋಟಾರಿನ ಕಡೆಗೋ ಸೆನ್ಸರಿನ ಕಡೆಗೋ ಇಳಿದರೆ ಮಸಿಗಿಂತ ದೊಡ್ಡ ಪೀಡೆ. ಮೆತ್ತನೆ ಬಟ್ಟೆ, ಹಳೆಯ ಹಲ್ಲುಜ್ಜುವ ಬ್ರಷ್, ಅಷ್ಟೇ ಆಯುಧ. ಎಮರಿ ಹಾಳೆ, ಬ್ಲೇಡು, ಪಾತ್ರೆ ತಿಕ್ಕುವ ತಂತಿ ಯಾವುದೂ ಕೂಡದು. ಹಲವು ಕಂಪನಿಗಳು ಬಿಲ್ಲೆಯ ಅಂಚಿಗೆ ಮಾಲಿಬ್ಡಿನಂ ಬೆರೆತ ಕಪ್ಪು ಲೇಪನ ಕೊಟ್ಟಿರುತ್ತವೆ. ಮುಚ್ಚಿದಾಗ ಸಂದು ಹದವಾಗಿ ಕೂರಲಿ ಎಂದು. ಕಪ್ಪಗಿದೆಯಲ್ಲ ಎಂದು ಅದನ್ನೂ ಹೊಳೆಯುವ ತನಕ ತಿಕ್ಕಿ ತೆಗೆದರೆ ಗಾಳಿ ಸೋರತೊಡಗುತ್ತದೆ, ಆಗ ನಿಜಕ್ಕೂ ಹೊಸದೇ ಗತಿ. ತುಂಬ ಶ್ರದ್ಧೆಯಿಂದ ತೊಳೆದು ಕೆಟ್ಟ ಥ್ರಾಟಲ್ ಬಾಡಿಗಳು ಎಷ್ಟೋ ಇವೆ ಅಂದರು. ಪ್ಯಾಕಿಂಗ್ ಉಂಗುರವನ್ನು ಹೊಸದು ಹಾಕಿ ವಾಪಸ್ ಕೂರಿಸಿದರು. ಹೊತ್ತು ಮುಕ್ಕಾಲು ಗಂಟೆ.

ಸ್ಟಾರ್ಟ್ ಮಾಡಿದರೆ ಆರ್‌ಪಿಎಂ 1,600! ಪೆಡಲ್ ಮುಟ್ಟಿಲ್ಲ, ಗಾಡಿ ಮಾತ್ರ ಗುಯ್ಯೆನ್ನುತ್ತಿದೆ. ಇದ್ದದ್ದನ್ನೂ ಕೆಡಿಸಿದರಲ್ಲಪ್ಪ ಎಂದುಕೊಂಡೆ, ಬಾಯಿಬಿಟ್ಟು ಹೇಳಲಿಲ್ಲ. ಅವರಿಗೆ ಮುಖ ಓದಲು ಬರುತ್ತಿತ್ತು. "ಅದಕ್ಕೆ ಹಳೇ ಅಭ್ಯಾಸ ಮೇಷ್ಟ್ರೇ" ಅಂದರು. ವರ್ಷಗಟ್ಟಲೆ ಮಸಿ ಕೂರುತ್ತ ಬಂದಂತೆಲ್ಲ ಕಂಪ್ಯೂಟರು ಬಿಲ್ಲೆಯನ್ನು ಕೂದಲೆಳೆ, ಕೂದಲೆಳೆ ಹೆಚ್ಚು ತೆರೆಯುತ್ತ, ಆ ಪಾಠವನ್ನು ಬರೆದಿಟ್ಟುಕೊಳ್ಳುತ್ತ ಹೋಗಿತ್ತು. ಅದು ತೆರೆಯಬಲ್ಲ ಮಿತಿ ಮುಗಿದ ದಿನ ನಾನು ಎನ್.ಆರ್. ಸರ್ಕಲ್ಲಿನಲ್ಲಿ ನಿಂತೆ. ಈಗ ದಾರಿ ಸ್ವಚ್ಛ. ಕಂಪ್ಯೂಟರಿಗೆ ಗೊತ್ತಿಲ್ಲ, ಹಳೆಯ ಲೆಕ್ಕದಲ್ಲೇ ಬಾಗಿಲು ತೆರೆದಿದೆ, ಗಾಳಿ ನುಗ್ಗುತ್ತಿದೆ. ಬ್ಯಾಟರಿ ಬಿಚ್ಚಿದರೆ ಕೆಲವು ಗಾಡಿಗಳು ಈ ಪಾಠ ಮರೆಯುತ್ತವೆ, ಕೆಲವು ಮರೆಯುವುದಿಲ್ಲ. ಹೊಸದಾಗಿ ಕಲಿಸುವ ವಿಧಿ ಒಂದೊಂದು ಕಂಪನಿಗೆ ಒಂದೊಂದು. ಕೆಲವದರಲ್ಲಿ ಸ್ಟಾರ್ಟ್ ಮಾಡದೆ ಇಗ್ನಿಷನ್ ಆನ್ ಇಟ್ಟು ಕಾದರೆ ಮೋಟಾರು ತಾನೇ ಮುಚ್ಚಿ ತೆರೆದು ಎಲ್ಲೆಗಳನ್ನು ಗುರುತಿಸಿಕೊಳ್ಳುತ್ತದೆ. ಕೆಲವದರಲ್ಲಿ ಪೆಡಲನ್ನು ಸೆಕೆಂಡು ಎಣಿಸಿ ಒತ್ತಿ ಬಿಡುವ ಕಸರತ್ತು. ಫೋಕ್ಸ್‌ವ್ಯಾಗನ್, ಸ್ಕೋಡಾದಂಥವಕ್ಕೆ ಸ್ಕ್ಯಾನರಿನಿಂದಲೇ ಆಜ್ಞೆ ಕೊಡಬೇಕು. ನನ್ನದಕ್ಕೆ ಹತ್ತು ನಿಮಿಷ ಮುಟ್ಟದೆ ಓಡಲು ಬಿಟ್ಟು, ಎ.ಸಿ. ಹಾಕಿ ಇನ್ನೈದು ನಿಮಿಷ ಬಿಟ್ಟೆವು. ಮುಳ್ಳು 1,600ರಿಂದ 1,200, ಆಮೇಲೆ 950, ಕೊನೆಗೆ 800. ಚಹಾ ಬಂದದ್ದೂ ಅಷ್ಟೊತ್ತಿಗೇ. ಖರ್ಚು ಸಾವಿರದ ಇನ್ನೂರು.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ತಿಂಗಳೊಂದು ಕಳೆದು, ಜುಲೈ ಮಳೆಯಲ್ಲಿ ಧರ್ಮಸ್ಥಳಕ್ಕೆ ಹೋಗಿ ಬರುವಾಗ ಶಿರಾಡಿ ಘಾಟಿಯ ಏರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿತು. ಪೆಡಲ್ ನೆಲಕ್ಕೆ ಒತ್ತಿದರೂ ಪಿಕಪ್ ಇಲ್ಲ. ಎಂಜಿನ್ ಆಫ್ ಆಗಿಲ್ಲ, ಆದರೆ ಆರ್‌ಪಿಎಂ 1,500 ದಾಟುತ್ತಿಲ್ಲ. ಫಸ್ಟ್ ಗೇರಿನಲ್ಲಿ ಎತ್ತಿನಗಾಡಿಯಂತೆ ಹತ್ತುತ್ತ, ಹಿಂದೆ ಟ್ಯಾಂಕರುಗಳ ಮೆರವಣಿಗೆ ಕಟ್ಟಿಕೊಂಡು ಮಾರನಹಳ್ಳಿಯ ಹೋಟೆಲೊಂದರ ಮುಂದೆ ನಿಲ್ಲಿಸಿದೆ. ಐದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗೇ ಇಲ್ಲವೆಂಬಂತೆ ಓಡಿತು. ದೋಣಿಗಾಲ್ ಹತ್ತಿರ ಒಂದು ಗುಂಡಿಗೆ ಇಳಿದದ್ದೇ ಮತ್ತೆ ಅದೇ ಅವಸ್ಥೆ. ಹಳೆಯ ರೋಗ ಮರುಕಳಿಸಿತು ಎಂದು ಮನೆಯವಳು. ನನಗೂ ಹಾಗೇ ಅನ್ನಿಸಿತ್ತು.

ಈ ಬಾರಿಯ ಕೋಡ್ ಬೇರೆ, ಪಿ2135. ಇಲ್ಲಿ ಸಾಕ್ಷಿಗಳ ಕತೆ ಹೇಳಬೇಕು. ಬಿಲ್ಲೆ ಎಷ್ಟು ತಿರುಗಿದೆ ಎಂದು ವರದಿ ಕೊಡಲು ಥ್ರಾಟಲ್ ಬಾಡಿಯೊಳಗೆ ಸೆನ್ಸರುಗಳು ಎರಡು. ಪೆಡಲ್ ಬಳಿಯೂ ಎರಡು. ಒಂದೇ ಘಟನೆಗೆ ಇಬ್ಬರು ಸಾಕ್ಷಿಗಳು, ಅದೂ ಬೇರೆ ಬೇರೆ ಭಾಷೆಯಲ್ಲಿ. ಬಿಲ್ಲೆ ತೆರೆಯುತ್ತ ಹೋದಂತೆ ಬಹಳ ಗಾಡಿಗಳಲ್ಲಿ ಒಂದರ ವೋಲ್ಟೇಜ್ ಏರುತ್ತದೆ, ಇನ್ನೊಂದರದ್ದು ಇಳಿಯುತ್ತದೆ. ಯಾವ ಗಳಿಗೆಯಲ್ಲಿ ಕೂಡಿದರೂ ಮೊತ್ತ 5ರ ಹತ್ತಿರ ಬರಬೇಕು. ಪೆಡಲಿನಲ್ಲಿ ಸಾಮಾನ್ಯವಾಗಿ ಒಂದು ಇನ್ನೊಂದರ ಅರ್ಧ. ಲೆಕ್ಕ ತಾಳೆಯಾಗದಿದ್ದರೆ ಯಾರು ಸುಳ್ಳು ಹೇಳುತ್ತಿದ್ದಾರೆ ಎಂದು ಕಂಪ್ಯೂಟರ್ ವಿಚಾರಣೆ ನಡೆಸುವುದಿಲ್ಲ, ಮೋಟಾರಿನ ಕರೆಂಟ್ ತೆಗೆದುಬಿಡುತ್ತದೆ. ಆಗ ಸ್ಪ್ರಿಂಗುಗಳು ಬಿಲ್ಲೆಯನ್ನು ಕೆಲವೇ ಡಿಗ್ರಿ ತೆರೆದ ಸ್ಥಿತಿಗೆ ತಂದು ನಿಲ್ಲಿಸುತ್ತವೆ. ಗಾಡಿ ಸಾಯುವುದಿಲ್ಲ, ಓಡುವುದೂ ಇಲ್ಲ, ಕುಂಟುತ್ತದೆ. ಲಿಂಪ್ ಮೋಡ್ ಎಂಬ ಹೆಸರು ಬಂದದ್ದೇ ಅದಕ್ಕೆ. ಘಾಟಿಯಲ್ಲಿ ನನಗೆ ಸಿಟ್ಟು ಬರಿಸಿದ ಆ ಕುಂಟುವಿಕೆ ನನ್ನ ಜೀವ ಕಾಯಲು ಇಟ್ಟ ಏರ್ಪಾಡು.

ಯಾಕೆಂದರೆ ಇದರ ತಿರುಗುಮುರುಗು ಘಟನೆ ನೆನೆದರೆ ಮೈ ನಡುಗುತ್ತದೆ: ಕಾಲು ತೆಗೆದರೂ ಬಿಲ್ಲೆ ಮುಚ್ಚದಿದ್ದರೆ? 2009–10ರಲ್ಲಿ ಅಮೆರಿಕದಲ್ಲಿ ಟೊಯೊಟಾ ಕಾರುಗಳು ತಾವಾಗಿ ವೇಗ ಹಿಡಿಯುತ್ತವೆ ಎಂಬ ದೂರುಗಳು ದೊಡ್ಡ ಗದ್ದಲವಾಗಿ, ಲಕ್ಷಾಂತರ ಕಾರುಗಳನ್ನು ಕಂಪನಿ ವಾಪಸ್ ಕರೆಸಿಕೊಂಡಿತು. ತಪ್ಪು ಎಲೆಕ್ಟ್ರಾನಿಕ್ ಥ್ರಾಟಲಿನದೇ ಎಂದು ನೋಡಲು ಅಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆ ನಾಸಾದ ಎಂಜಿನಿಯರುಗಳನ್ನೇ ಕರೆಯಿತು. ಚಂದ್ರನಲ್ಲಿಗೆ ಕಳಿಸಿದವರು ತಿಂಗಳುಗಟ್ಟಲೆ ಪೆಡಲ್ ಒತ್ತಿ ನೋಡಿದರು. 2011ರ ಫೆಬ್ರುವರಿಯಲ್ಲಿ ಬಂದ ವರದಿ, ಅಂಥ ಭಾರೀ ವೇಗಕ್ಕೆ ಕಾರಣವಾಗಬಲ್ಲ ಎಲೆಕ್ಟ್ರಾನಿಕ್ ದೋಷ ಸಿಗಲಿಲ್ಲ ಎಂದಿತು. ಸಿಕ್ಕಿದ್ದು ಅಂಟಿಕೊಳ್ಳುವ ಪೆಡಲು, ಪೆಡಲಿಗೆ ಸಿಕ್ಕಿಹಾಕಿಕೊಳ್ಳುವ ಕಾಲೊರಸು. ಆದರೆ ಒಂದು ಹಳೆಯ ಪೆಡಲ್ ಸೆನ್ಸರಿನೊಳಗೆ ತವರದಿಂದ ತಾನಾಗಿ ಬೆಳೆದ ಕೂದಲೆಳೆಯೊಂದು ಎರಡು ಸಾಕ್ಷಿಗಳನ್ನೂ ಬೆಸೆದಿದ್ದನ್ನು ಅವರೇ ಪತ್ತೆ ಮಾಡಿದರು. ಬ್ರೇಕ್ ಒತ್ತಿದರೆ ಆಕ್ಸಿಲರೇಟರಿನ ಮಾತನ್ನು ಕಡೆಗಣಿಸುವ ವ್ಯವಸ್ಥೆ ಆಮೇಲೆ ಕಾರುಗಳಲ್ಲಿ ಮಾಮೂಲಾಯಿತು. ನಮ್ಮಲ್ಲಿ ಡ್ರೈವರ್ ಕಡೆಯ ಮ್ಯಾಟಿನ ಮೇಲೆ ಇನ್ನೊಂದು ಮ್ಯಾಟ್, ಅದರ ಮೇಲೆ ಹಳೆಯ ಪೇಪರು ಹಾಸುವವರನ್ನು ಕಂಡಾಗಲೆಲ್ಲ ನನಗೆ ನಾಸಾ ನೆನಪಾಗುತ್ತದೆ.

ಬಿ.ಎಂ. ರಸ್ತೆಯ ಶೆಡ್ಡಿನಲ್ಲಿ ಈ ಸಲ ಸ್ಪ್ಯಾನರ್ ಬರಲೇ ಇಲ್ಲ. ಕಪ್ಲರಿನ ಹಿಂಬದಿಯಿಂದ ಗುಂಡುಸೂಜಿ ತೂರಿಸಿ ಮೀಟರ್ ಹಿಡಿದರು. 5 ವೋಲ್ಟ್ ಸಪ್ಲೈ ಬರುತ್ತಿದೆ. ಅರ್ತ್ ಸರಿಯಿದೆ. ನನ್ನ ಕೈಲಿ ಪೆಡಲನ್ನು ತೀರ ನಿಧಾನ ಒತ್ತಿಸಿದರು. ಅಂಕಿಗಳು ಎಲ್ಲೂ ಎಗರದೆ ಒಂದು ಏರಿತು, ಒಂದು ಇಳಿಯಿತು. ಒಳಗಿನ ಪಟ್ಟಿ ಸವೆದಿದ್ದರೆ ಯಾವುದೋ ಒಂದು ಜಾಗದಲ್ಲಿ ಅಂಕಿ ಫಕ್ಕನೆ ಬಿದ್ದು ಏಳುತ್ತದಂತೆ. ಡಿಜಿಟಲ್ ಮೀಟರಿಗಿಂತ ಮುಳ್ಳಿನ ಹಳೆಯ ಮೀಟರಿನಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಅಂದರೆ ಥ್ರಾಟಲ್ ಬಾಡಿ ನಿರಪರಾಧಿ. ಆಮೇಲೆ ಅವರು ವೈರಿನ ಕಟ್ಟನ್ನು ಅಂಗುಲ ಅಂಗುಲವಾಗಿ ಅಲ್ಲಾಡಿಸುತ್ತ ಹೋದರು. ಬ್ಯಾಟರಿಯ ತಟ್ಟೆಯ ಹಿಂದೆ ಕೈ ಹೋದಾಗ ಮೀಟರಿನ ಅಂಕಿ ಕುಣಿಯಿತು. ಕಪ್ಪು ಟೇಪು ಬಿಚ್ಚಿ ತೋರಿಸಿದರು: ಒಂದು ವೈರಿನ ಸಿಪ್ಪೆ ಇಲ್ಲ, ತಾಮ್ರಕ್ಕೆ ಹಸಿರು ಕಿಲುಬು, ಪಕ್ಕದಲ್ಲಿ ಸಾಸಿವೆ ಗಾತ್ರದ ಹಲ್ಲಿನ ಗುರುತುಗಳು, ಒಂದೆರಡು ಇಲಿ ಹಿಕ್ಕೆ. ಮಳೆನೀರು, ಗುಂಡಿಯ ಕುಲುಕಾಟ ಎರಡೂ ಸೇರಿದಾಗ ಒಬ್ಬ ಸಾಕ್ಷಿಯ ನಾಲಿಗೆ ತೊದಲುತ್ತಿತ್ತು. ಅರ್ಧ ಅಡಿ ವೈರ್ ಹೊಸದು ಬೆಸೆದು, ಬಿಸಿ ಮಾಡಿದರೆ ಕುಗ್ಗಿ ಕೂರುವ ತೋಳು ತೊಡಿಸಿದರು. 23 ಸಾವಿರದ ಹೊಸ ಥ್ರಾಟಲ್ ಬಾಡಿ ಹಾಕಿಸಿದ್ದರೂ ನಾನು ಮಾರನಹಳ್ಳಿಯಲ್ಲಿ ನಿಲ್ಲುವುದು ತಪ್ಪುತ್ತಿರಲಿಲ್ಲ.

ಹಾಗೆಂದು ಥ್ರಾಟಲ್ ಬಾಡಿ ಕೆಡುವುದೇ ಇಲ್ಲ ಎಂದಲ್ಲ. ಹಲ್ಲುಚಕ್ರ ಸವೆಯುತ್ತದೆ, ಮೋಟಾರಿನ ಕಾರ್ಬನ್ ಬ್ರಷ್ ಮುಗಿಯುತ್ತದೆ, ಸೆನ್ಸರಿನ ಪಟ್ಟಿ ಉಜ್ಜಿಹೋಗುತ್ತದೆ. ಸರಳಿನ ಬೇರಿಂಗ್ ಸಡಿಲವಾಗಿ ಬಿಲ್ಲೆ ಕೊಳವೆಗೆ ಉಜ್ಜುವುದೂ ಉಂಟು. ಈಚಿನವುಗಳಲ್ಲಿ ಸೆನ್ಸರ್ ಆಯಸ್ಕಾಂತದ ಮೇಲೆ ಕೆಲಸ ಮಾಡುವುದರಿಂದ ಉಜ್ಜುವ ಪ್ರಶ್ನೆಯಿಲ್ಲ. ಮೋಟಾರು, ಸೆನ್ಸರುಗಳ ಮೇಲೆ ಅಂಟು ಹಾಕಿ ಕೂರಿಸಿದ ಮುಚ್ಚಳವನ್ನು ಬಿಚ್ಚಿ ರಿಪೇರಿ ಮಾಡುತ್ತೇವೆ ಎನ್ನುವವರಿದ್ದಾರೆ. ಬ್ರೇಕಿನಷ್ಟೇ ಗಂಭೀರವಾದ ಈ ಭಾಗದಲ್ಲಿ ನಾನಂತೂ ಆ ಪ್ರಯೋಗಕ್ಕೆ ಇಳಿಯಲಾರೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸದೂ ಸಿಗುತ್ತದೆ, ನಕಲಿಯೂ ಸಿಗುತ್ತದೆ. ಗುಜರಿಯದನ್ನು ಕೊಳ್ಳುವುದಾದರೆ ಮೇಲಿನ ಪಾರ್ಟ್ ನಂಬರನ್ನು ಅಕ್ಷರ ಬಿಡದೆ ತಾಳೆ ನೋಡಬೇಕು. ನೋಡಲು ತದ್ರೂಪು ಇದ್ದು, ಒಳಗಿನ ಸಾಕ್ಷಿಗಳ ಭಾಷೆ ಬೇರೆ ಇರಬಹುದು.

ಇನ್ನು ಪ್ರತಿ ಸರ್ವಿಸಿನಲ್ಲೂ ಥ್ರಾಟಲ್ ಕ್ಲೀನಿಂಗ್ ಎಂದು ಬಿಲ್ಲಿಗೆ ಸೇರಿಸುವ ಪದ್ಧತಿಯಿದೆಯಲ್ಲ, ಅದು ಬಹುಪಾಲು ಅನವಶ್ಯಕ ಎಂದೇ ನನ್ನ ಅಭಿಪ್ರಾಯ. ಐಡಲ್ ಸ್ಥಿರವಾಗಿದ್ದರೆ ಮುಟ್ಟದಿರುವುದೇ ಮೇಲು. ನಲವತ್ತು ಐವತ್ತು ಸಾವಿರ ಕಿಲೋಮೀಟರಿಗೊಮ್ಮೆ ಪೈಪ್ ಬಿಚ್ಚಿ ಟಾರ್ಚ್ ಹಾಕಿ ನೋಡಿದರೆ ಸಾಕು. ಡೀಸೆಲ್ ಗಾಡಿಯವರಿಗೆ ಈ ಪುರಾಣ ಬೇರೆ. ಅಲ್ಲಿ ಕಾಲು ಹೆಚ್ಚಿಸುವುದು ಡೀಸೆಲನ್ನೇ, ಗಾಳಿಯ ದಾರಿಯ ಬಿಲ್ಲೆಗೆ ಬೇರೆ ಕೆಲಸಗಳಿವೆ. ಬೈಕಿನವರು ನಗಬೇಕಿಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಜಾರಿಗೆ ಬಂದ ಮೇಲೆ ಹಾಲು ಹಾಕಲು ಬರುವ ಬೈಕಿಗೂ ಇಂಜೆಕ್ಷನ್ ಬಂದಿದೆ, ಥ್ರಾಟಲ್ ಬಾಡಿ ಬಂದಿದೆ. ಕಾರ್ಬುರೇಟರ್ ಬಿಚ್ಚಿ ಪೆಟ್ರೋಲಿನಲ್ಲಿ ಅದ್ದಿ ಊದುತ್ತಿದ್ದ ಕೈಗಳು ಅದೇ ಉಪಚಾರವನ್ನು ಇದಕ್ಕೂ ಮಾಡಿ ಸೆನ್ಸರ್ ಕೆಡಿಸುವುದನ್ನು ಕಂಡಿದ್ದೇನೆ.

ಗಾಡಿ ಸರಿಹೋದ ದಿನ ಮೆಕ್ಯಾನಿಕ್ ಹೇಳಿದಂತೆ ಒಂದು ಚೀಟಿಯಲ್ಲಿ ಬರೆದುಕೊಂಡೆ: ಎಂಜಿನ್ ಬಿಸಿಯಿದ್ದಾಗ ಐಡಲ್ 800, ಎ.ಸಿ. ಹಾಕಿದರೆ 880, ಮ್ಯಾನಿಫೋಲ್ಡ್ ಒತ್ತಡ 33, ಟ್ರಿಮ್ 3, ಬಿಲ್ಲೆಯ ತೆರವು 14. ಗಾಡಿ ಆರೋಗ್ಯವಾಗಿದ್ದಾಗಿನ ಅಂಕಿಗಳು ಕೈಲಿದ್ದರೆ ಮುಂದೆ ಕೆಟ್ಟಾಗ ಬೇರೆಯವರ ಗಾಡಿಯನ್ನು ನೋಡಿ ಹೋಲಿಸುವ ಪಾಡು ಇಲ್ಲ. ಚೀಟಿ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಇನ್ಶೂರೆನ್ಸ್ ಕಾಗದದ ಜತೆ ಇದೆ. ಬಾನೆಟ್ಟಿನ ಕೆಳಗೆ, ಬ್ಯಾಟರಿಯ ಪಕ್ಕದಲ್ಲಿ, ಹೆಂಡತಿ ಕಟ್ಟಿಕೊಟ್ಟ ಹೊಗೆಸೊಪ್ಪಿನ ಗಂಟು ತೂಗುತ್ತಿದೆ. ಇಲಿ ಆ ಕಡೆ ಸುಳಿದಿಲ್ಲ, ಎ.ಸಿ. ಹಾಕಿದಾಗಲೆಲ್ಲ ಗಾಡಿಯೊಳಗೆ ಮಾತ್ರ ಹಳೆಯ ಬೀಡಿ ಅಂಗಡಿಯ ವಾಸನೆ.